ನೀಲಿಮಾ ಎಲ್ಲವನ್ನೂ ಕೇಳಿಸಿಕೊಂಡಳು

ಪುಣೆಯ ಹಡಪಸರದಲ್ಲಿ ಪೋಳಿ-ಭಾಜಿ ಕೇಂದ್ರ, ಅಂದರೆ ಚಪಾತಿ-ಪಲ್ಯದ ಅಂಗಡಿ, ನಡೆಸುವ ನೀಲಿಮಾ ಧಾರವಾಡದ ಕಡೆಯ ಹೆಣ್ಣುಮಗಳು. ಗಿರಾಕಿಗಳೊಡನೆ ಮರಾಠಿ, ಗಂಡ ಪ್ರಲ್ಹಾದನೊಡನೆ ಕನ್ನಡ. ಅವಳು ಬಾಯಿ ಮುಚ್ಚಿ ಕೂತದ್ದನ್ನು ಕಂಡವರಿಲ್ಲ.

ಕಳೆದ ಮಳೆಗಾಲದಲ್ಲಿ ಇಬ್ಬರೂ ಇಂದಾಪುರದ ನಾದಿನಿ ವರದಾಳ ಮನೆಗೆ ಹೋಗಿದ್ದರು. ಮನೆಯ ಹಿಂದೆಯೇ ಕಬ್ಬು. ನೀಲಿಮಾ ನೆಲದ ಮೇಲೆ ಚಾಪೆ ಹಾಸಿ ಮಲಗಿದಳು. ಬೆಳಗ್ಗೆ ಎದ್ದಾಗ ಹೊಟ್ಟೆ ನುಲಿಯುತ್ತಿತ್ತು. ಚಹಾ ಗಂಟಲಲ್ಲಿ ಇಳಿಯಲಿಲ್ಲ.

“ವೈನಿ, ಕಣ್ಣ ಯಾಕ ಮುಚ್ಚಲಿಕತ್ತೀರಿ?” ಎಂದು ಅತ್ತಿಗೆಯನ್ನು ಕೇಳಿದಳು ವರದಾ.

ನೀಲಿಮಾ ರೆಪ್ಪೆ ಎತ್ತಲು ನೋಡಿದಳು. ಏಳಲಿಲ್ಲ.

ಪುಣೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಒಂದು ಬೆರಳೂ ಅಲುಗದಂತಾಗಿತ್ತು. ಗಂಟಲೊಳಗೆ ನಳಿಗೆ ಇಳಿಸಿದ್ದು, ಯಂತ್ರವೊಂದು ತನ್ನ ಎದೆಯನ್ನು ಉಬ್ಬಿಸಿ ಇಳಿಸುತ್ತಿದ್ದದ್ದು ಎಲ್ಲವೂ ಅವಳಿಗೆ ತಿಳಿಯುತ್ತಿತ್ತು. ಯಾರೋ ರೆಪ್ಪೆ ಬಿಡಿಸಿ ಟಾರ್ಚ್ ಹಿಡಿದರು. ಬೆಳಕು ಚುಚ್ಚಿತು, ಪಾಪೆ ಮಾತ್ರ ಕುಗ್ಗಲಿಲ್ಲ. ಬಳೆ ತೆಗೆದರು. ತಾಳಿ ಬಿಚ್ಚಿದರು. ಕಿವಿಯ ಹತ್ತಿರವೇ ವರದಾ ಅತ್ತಳು: “ಅಣ್ಣಾ, ವೈನಿ ಉಳಿದಿಲ್ಲ. ಬರೇ ಮಷೀನ್ ಉಸಿರಾಡಲಿಕತ್ತದ.”

‘ಇಲ್ಲೇ ಇದ್ದೀನಿ!’ ಎಂದು ನೀಲಿಮಾ ಕಿರುಚಿದಳು. ಕಿರುಚು ತಲೆಯೊಳಗೇ ಸುತ್ತಿ ಸುತ್ತಿ ಆರಿತು.

ಸಂಜೆ ನರರೋಗದ ಡಾಕ್ಟರ್ ಸಿಂಧು ಬಂದಳು, ಮೈಸೂರಿನವಳು. ನೀಲಿಮಾಳ ತಲೆಗೆ ತಂತಿ ಅಂಟಿಸಿ ಹೆಸರು ಹಿಡಿದು ಕರೆದಳು. ಕರೆದಾಗಲೆಲ್ಲ ಪರದೆಯ ಮೇಲಿನ ಅಲೆ ಬದಲಾಯಿತು.

“ಬ್ರೈನ್ ಪೂರ್ತಿ ಎಚ್ಚರವಾಗಿದೆ ಸರ್. ಇದು ಕಟ್ಟುಹಾವಿನ ವಿಷ ಅನ್ಸುತ್ತೆ. ನಿದ್ದೆಲಿ ಅದು ಕಚ್ಚಿದ್ದೇ ಎಷ್ಟೋ ಸಲ ಗೊತ್ತಾಗಲ್ಲ.”

“ಮತ್ತ ಕೈ ಯಾಕ ಅಲಗಾಡವಲ್ಲವು ರೀ?” ಎಂದ ಪ್ರಲ್ಹಾದ.

“ನರದ ಒಳಗೂ ಹೊರಗೂ ಉಪ್ಪಿನ ಕಣಗಳು ಓಡಾಡಿ ಕರೆಂಟ್ ಹುಟ್ಟುತ್ತೆ. ಅದು ನರದ ತುದಿವರೆಗೂ ಬರ್ತಿದೆ. ಅಲ್ಲಿಂದ ಸ್ನಾಯುವಿಗೆ ಸಣ್ಣದೊಂದು ಸಂದು. ಅದನ್ನ ಒಂದು ಕೆಮಿಕಲ್ ದಾಟಬೇಕು. ಆ ಕೆಮಿಕಲ್ ಬಿಡೋ ನರದ ತುದಿನೇ ವಿಷ ಹಾಳು ಮಾಡಿದೆ. ತುದಿ ಮತ್ತೆ ಚಿಗುರೋವರೆಗೂ ಕಾಯಬೇಕು.” ಆಮೇಲೆ ಹಾಸಿಗೆಯತ್ತ ಬಗ್ಗಿದಳು. “ನೀಲಿಮಾ ಅವರೇ, ನಿಮಗೆ ಕೇಳಿಸ್ತಿದೆ. ನನಗೆ ಗೊತ್ತು.”

ಅಂದಿನಿಂದ ಪ್ರಲ್ಹಾದ ಪಕ್ಕದಲ್ಲಿ ಕೂತು ತೋಚಿದ್ದೆಲ್ಲ ಮಾತಾಡಿದ. ಅವನು ಎದ್ದುಹೋದರೆ ಯಂತ್ರದ ಉಸಿರೊಂದೇ ಉಳಿಯುತ್ತಿತ್ತು. ಆಗ ತಾನು ಬದುಕಿರುವುದು ನಿಜವೇ ಎಂದು ನೀಲಿಮಾಳಿಗೇ ಸಂಶಯ ಬರುತ್ತಿತ್ತು. ವಾರ ಕಳೆದ ಮೇಲೆ ಕಾಲಿನ ಹೆಬ್ಬೆರಳು ಮಿಸುಕಿತು. ನಿಧಾನಕ್ಕೆ ರೆಪ್ಪೆ, ಕೈ, ಕಡೆಗೆ ಅವಳದೇ ಉಸಿರು.

ಈಗ ಮತ್ತೆ ಪೋಳಿ ಲಟ್ಟಿಸುತ್ತಾಳೆ. ವರದಾ ಒಮ್ಮೆ ಅಂಜುತ್ತ ಕೇಳಿದಳು: “ನಾ ಅಂದದ್ದು ಕೇಳಿಸಿತ್ತೇನ್ರಿ, ವೈನಿ?”

“ಇಲ್ಲವ್ವಾ,” ಎಂದಳು ನೀಲಿಮಾ.

ಆದರೆ ಪ್ರಲ್ಹಾದ ಅಲುಗದೆ ಮಲಗಿದ್ದು ಕಂಡರೆ, ಭುಜ ಹಿಡಿದು ಅಲುಗಿಸುತ್ತಾಳೆ. ಅವನು ಗೊಣಗುವವರೆಗೂ ಬಿಡುವುದಿಲ್ಲ.