ಬಾಣಂತಿ ಕೋಣೆಯ ಕಾವು

ಅಮ್ಮ ಇಲ್ಲದ್ದರಿಂದ ಅಕ್ಕನ ಬಾಣಂತನ ಪೆರೇಸಂದ್ರದ ಅವಳ ಗಂಡನ ಮನೆಯಲ್ಲೇ ನಡೆಯಿತು. ಸುಡುವ ಏಪ್ರಿಲ್. ನಾನೂ ಅಪ್ಪನೂ ನೋಡಲು ಹೋದಾಗ ಕೋಣೆಯ ಕಿಟಕಿಗೆ ಗೋಣಿತಾಟು ಹೊಡೆದಿದ್ದರು. ಮಂಚದ ಕೆಳಗೆ ಕೆಂಡ ತುಂಬಿದ ಬಾಣಲೆ. ಅಕ್ಕ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡು ಕಂಬಳಿಗಳ ಅಡಿಯಲ್ಲಿ ಮಲಗಿದ್ದಳು. ಜ್ವರ ಬಂದು ಆಗಲೇ ಕೆಲವು ದಿನವಾಗಿತ್ತಂತೆ. ಮುಟ್ಟಿದರೆ ಮೈ ಕಾದ ಹಂಚಿನಂತಿತ್ತು, ಒಂದು ಹನಿ ಬೆವರಿರಲಿಲ್ಲ.

"ನೀರು ಕೊಡೇ," ಎಂದಳು.

ನಾನು ಚೊಂಬಿಗೆ ಕೈ ಹಾಕಿದೆ. ಅವಳ ಅತ್ತೆ ಅದನ್ನು ಕಿತ್ತುಕೊಂಡು ಆಚೆ ಇಟ್ಟರು.

"ಬಾಣಂತಿ ನೀರು ಕುಡಿದ್ರೆ ನಂಜಾಗ್ತದೆ ಕಣಮ್ಮ. ನಾನು ಹೆತ್ತಿಲ್ವಾ?"

"ಫ್ಯಾನಾದ್ರೂ ಹಾಕಿ. ಅವಳ ಮೈ ಬೇಯ್ತಾ ಇದೆ."

ಅಪ್ಪ ನನ್ನ ತೋಳು ಹಿಡಿದರು. "ಅವರ ಮನೆ ಪದ್ಧತಿ. ನೀನು ಸುಮ್ನಿರಮ್ಮ."

ಊಟದ ಹೊತ್ತಿಗೆ ಅಕ್ಕ ಏನೇನೋ ಬಡಬಡಿಸತೊಡಗಿದಳು. ನನ್ನನ್ನೇ ಅಮ್ಮಾ ಎಂದಳು. ಆಮೇಲೆ ಕೈಕಾಲು ಸೆಟೆದುಕೊಂಡವು. ಭಾವ ಆಗ ಕಾರು ತಂದರು. ಚಿಕ್ಕಬಳ್ಳಾಪುರದ ಆಸ್ಪತ್ರೆ ಸೇರುವವರೆಗೂ ಅತ್ತೆ ಕಾರಿನ ಗಾಜು ಇಳಿಸಲು ಬಿಡಲಿಲ್ಲ. ಶೀತವಾದೀತಂತೆ.

ಡಾಕ್ಟರು ಕಂಬಳಿ ಎಸೆದು, ಮೈಮೇಲೆ ನೀರು ಸುರಿಸಿ, ಕಂಕುಳಿಗೆ ಐಸ್ ಇಡಿಸಿದರು. ಆಮೇಲೆ ಹೊರಗೆ ಬಂದು ಭಾವನನ್ನು ದುರುಗುಟ್ಟಿ ನೋಡಿದರು.

"ಮೈಯೊಳಗಿನ ಕೆಲಸವೆಲ್ಲ ನಡೆಸೋದು ಎಂಜೈಮ್‌ಗಳು. ಮೈಬಿಸಿ ಒಂದು ಹದದಲ್ಲಿದ್ರೆ ಮಾತ್ರ ಅವು ದುಡೀತವೆ. ವಿಪರೀತ ಏರಿದ್ರೆ ಅವುಗಳ ಆಕಾರಾನೇ ಕೆಟ್ಟೋಗ್ತದೆ, ಕೆಲಸ ನಿಲ್ತದೆ. ಮಿದುಳಿನ ಜೀವಕೋಶ ಸಾಯ್ತವೆ. ಬೇಯಿಸಿದ ಮೊಟ್ಟೇನ ಮತ್ತೆ ಹಸಿ ಮಾಡೋಕಾಗುತ್ತೇನ್ರೀ?"

ಅತ್ತೆ ಸೆರಗು ಸರಿಮಾಡಿಕೊಂಡರು.

ಅಕ್ಕ ಉಳಿದಳು. ಆದರೆ ಕೈ ನಡುಗುತ್ತಿತ್ತು, ನಡೆದರೆ ವಾಲುತ್ತಿದ್ದಳು, ಮಾತು ಎಳೆದೆಳೆದು ಬರುತ್ತಿತ್ತು. ಗೌರಿಬಿದನೂರಿನ ನಮ್ಮ ಮನೆಗೆ ಅವಳನ್ನು ತಂದುಬಿಟ್ಟವರು ಮಗುವನ್ನು ಕಳಿಸಲಿಲ್ಲ.

"ಕೈ ನಡುಗೋಳು, ಕೂಸನ್ನ ಬೀಳಿಸ್ತಾಳೆ," ಎಂದರು ಅತ್ತೆ. "ಮೊದ್ಲಿಂದಾನೂ ಹಿಂಗೇ ಇದ್ದಳೇನೋ. ಮುಚ್ಚಿಟ್ಟು ಕೊಟ್ಟುಬಿಟ್ರಿ."

ಅಪ್ಪ ಅವರನ್ನು ಕಾರಿನವರೆಗೂ ಹೋಗಿ ಕಳಿಸಿಬಂದರು. ಭಾವ ಇನ್ನೊಂದು ಮದುವೆಯಾದರು.

ಹೋದ ವರ್ಷ ನೆಂಟರ ಮದುವೆಯೊಂದರಲ್ಲಿ ಅಕ್ಕನ ಮಗಳು ಸಿಕ್ಕಳು, ಆಗಲೇ ಐದು ವರ್ಷದವಳು. ಅಕ್ಕ ಕೈ ಚಾಚಿದಳು. ಆ ನಡುಗುವ ಬೆರಳು ಕಂಡು ಹುಡುಗಿ ಅಜ್ಜಿಯ ಹಿಂದೆ ಅಡಗಿದಳು. ಅಜ್ಜಿ ಅವಳ ತಲೆ ಸವರಿ, "ಹತ್ರ ಹೋಗ್ಬೇಡಮ್ಮ," ಎಂದರು, ಅಕ್ಕನಿಗೆ ಕೇಳುವಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಷ್ಟಪಟ್ಟು ಮಾತು ಕೂಡಿಸಿದಳು. "ನನ್... ಥರಾ ಇದಾಳಾ?"

"ನಿನ್ನ ಥರಾನೇ," ಎಂದೆ. ಮಗುವಿನ ಮುಖ ಅಕ್ಕನ ಅತ್ತೆಯದೇ ಅಚ್ಚು.