ಒಂದೂವರೆ ಇಂಚಿನ ಜಗಳ

ಸಿಡುಕು ಮೇಸ್ತ್ರಿಯ ಶೆಡ್ ಎಲ್ಲಿ ಅಂತ ಕೇಳಿದರೆ ಆ ರಸ್ತೆಯಲ್ಲಿ ಯಾರು ಬೇಕಾದರೂ ಕೈ ತೋರಿಸುತ್ತಾರೆ, ಜೊತೆಗೆ ಮಾತ್ರ ಯಾರೂ ಬರುವುದಿಲ್ಲ. ಲಾರಿ, ಟೆಂಪೊ, ಪಿಕಪ್ಪುಗಳ ಸ್ಪ್ರಿಂಗ್ ಕೆಲಸ ಅವನದು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ಅಂಗಳ, ಗೋಡೆಗೆ ಒರಗಿಸಿಟ್ಟ ಹಳೆಯ ಕಮಾನು ಪಟ್ಟಿಗಳು, ಬಾಗಿಲ ಪಕ್ಕ ಒಂದು ಮರದ ಬೆಂಚು. ಗಿರಾಕಿ ಬಂದು "ಗಾಡಿ ಸ್ವಲ್ಪ ಎತ್ತಬೇಕಿತ್ತು" ಅಂದರೆ ಸಾಕು, ಗಾಡಿಗಿಂತ ಮೊದಲು ಇವನ ಹುಬ್ಬು ಮೇಲೇರುತ್ತದೆ. "ಯಾಕೆ, ಹಾರಿಸ್ತೀರಾ?" ಎನ್ನುತ್ತಾನೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಇಂಥವನ ಹತ್ತಿರ ಜನ ಯಾಕೆ ಬರುತ್ತಾರೆ ಅಂದರೆ, ಇವನು ಎತ್ತಿದ ಗಾಡಿಯಲ್ಲಿ ಕೂತವರ ಸೊಂಟ ಉಳಿಯುತ್ತದೆ. ಅಷ್ಟೇ ಕಾರಣ. ಮುಖ ನೋಡಲು ಯಾರೂ ಬರುವುದಿಲ್ಲ. ಕಟ್ಟಿಕೊಂಡ ಹೆಂಡತಿಯೇ ಎಷ್ಟೋ ದಿನ ಊಟದ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ತುಟಿ ಬಿಚ್ಚದೆ ಹೋಗಿಬಿಡುತ್ತಾಳೆ.

ಊರಿನ ಮೇಲೆಲ್ಲ ಸಿಡುಕುವ ಇವನು ಮನಸಾರೆ ದ್ವೇಷಿಸುತ್ತಿದ್ದದ್ದು ಒಬ್ಬನನ್ನೇ, ಅಕ್ಕನ ಗಂಡನನ್ನು. ಶೆಡ್ ಮೊದಲು ಅಪ್ಪನದಾಗಿತ್ತು. ಅಪ್ಪ ಸತ್ತ ಮಾರನೇ ದಿನ, ಮನೆಯವರ ಕಣ್ಣೀರು ಇನ್ನೂ ಆರಿರಲಿಲ್ಲ, ಭಾವ ಈ ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು, "ಇನ್ನೇನು, ಈ ಶೆಡ್ಡಿಗೆ ಬೀಗ ಜಡಿಯೋದೇ" ಅಂದಿದ್ದ. ಆವತ್ತಿನಿಂದ ಇಬ್ಬರದೂ ಹಾವು ಮುಂಗುಸಿ ಸಂಬಂಧ. ನಡುವೆ ಸಿಕ್ಕಿಕೊಂಡವಳು ಅಕ್ಕ. ಗಂಡನ ಮಾತನ್ನು ತಮ್ಮನಿಗೆ, ತಮ್ಮನ ಮಾತನ್ನು ಗಂಡನಿಗೆ ಮುಟ್ಟಿಸುವಾಗ ಮುಳ್ಳು ಮುರಿದು, ಅರ್ಧ ನುಂಗಿ ಹೇಳುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಅಕ್ಕನದು ಸಸಿಗಳ ತೋಟ. ಹೂಗಿಡ, ಹಣ್ಣಿನ ಗಿಡ, ಕಸಿ ಕಟ್ಟುವುದು ಎಲ್ಲ ಅವಳ ಕೈಯಲ್ಲೇ. ಭಾವ ಗಾಡಿ ಓಡಿಸುತ್ತಿದ್ದ, ಹೊರೆ ಇಳಿಸುತ್ತಿದ್ದ, ಮಾತಾಡುತ್ತಿದ್ದ. ಹಳೆಯ ಜಾಗ ಕೈತಪ್ಪಿ ತೋಟವನ್ನು ದಿಣ್ಣೆಯ ಮೇಲಕ್ಕೆ ಸಾಗಿಸಿದ ಮೇಲೆ ತೊಂದರೆ ಶುರುವಾಯಿತು. ದಾರಿ ಅಂದರೆ ಬರೀ ಕಲ್ಲು. ಪಿಕಪ್ಪಿನ ಹೊಟ್ಟೆ ಕರಕರ ಉಜ್ಜುತ್ತಿತ್ತು. ಅದರ ಮೇಲೆ ಅಕ್ಕನಿಗೆ ಬೆನ್ನಿನ ಕಾಯಿಲೆ. ಕುಂಡ ಎತ್ತಲು ಹೋಗಿ ಜಾರಿ ಬಿದ್ದು ಮೂಳೆಯ ನಡುವಿನ ಬಿಲ್ಲೆ ಜರುಗಿತ್ತು. ಕುಲುಕಾಟ ಕೂಡದು, ಕುಲುಕಿದರೆ ಮತ್ತೆ ಹಾಸಿಗೆಯೇ ಗತಿ ಎಂದಿದ್ದರು ಡಾಕ್ಟರು. ಗಾಡಿಯಲ್ಲಿ ಕೂರಲಾಗದಿದ್ದರೆ ಅಕ್ಕ ತೋಟಕ್ಕೆ ಹೋಗುವಂತಿಲ್ಲ. ಅಕ್ಕ ಹೋಗದಿದ್ದರೆ ತೋಟವಿಲ್ಲ. ತೋಟವಿಲ್ಲದೆ ನಾಲ್ಕು ಗೋಡೆಯ ಮಧ್ಯೆ ಅವಳು ಬದುಕುವುದನ್ನು ಸಿಡುಕು ಮೇಸ್ತ್ರಿಗೆ ಯೋಚಿಸಲೂ ಆಗುತ್ತಿರಲಿಲ್ಲ.

ಗಾಡಿ ಅಂಗಳಕ್ಕೆ ಬಂದ ದಿನ ಭಾವ ಕೆಳಗಿಳಿಯುವ ಮೊದಲೇ ಆಜ್ಞೆ ಹೊರಡಿಸಿದ. "ನಾಲ್ಕು ಇಂಚು ಎತ್ತಯ್ಯಾ. ಮಾರ್ಕೆಟ್ಟಲ್ಲಿ ಒಬ್ಬ ಎತ್ತಿಸಿದಾನೆ, ಆನೆ ಬಂದ ಹಾಗೆ ಬರ್ತಾನೆ. ನಾಲ್ಕು ಜನ ತಿರುಗಿ ನೋಡ್ಬೇಕು."

"ತಿರುಗಿ ನೋಡೋರಿಗೇನು ಭಾವ, ಅವರು ರಸ್ತೇಲಿ ನಿಂತಿರ್ತಾರೆ. ಒಳಗೆ ಕೂರೋಳು ನಮ್ಮಕ್ಕ."

ಮೇಸ್ತ್ರಿ ಗಾಡಿಯ ಕೆಳಗೆ ನುಗ್ಗಿದ. ಕಲ್ಲು ಉಜ್ಜಿದ ಗೀರುಗಳೆಲ್ಲ ಒಂದೇ ಅಡ್ಡಪಟ್ಟಿಯ ಮೇಲೆ, ಅದೂ ತೆಳ್ಳಗೆ. ಒಂದೂವರೆ ಇಂಚು ಎತ್ತಿದರೆ ಧಾರಾಳವಾಗಿ ಸಾಕು. ಮುಂದಿನ ಸುರುಳಿ ಸ್ಪ್ರಿಂಗಿನ ತಲೆಯ ಮೇಲೊಂದು ಬಿಲ್ಲೆ, ಹಿಂದೆ ಅಚ್ಚಿಗೂ ಪಟ್ಟಿಗೂ ನಡುವೆ ಒಂದು ಕಬ್ಬಿಣದ ಗಟ್ಟಿ. ಸ್ಪ್ರಿಂಗ್ ಹಳೆಯದೇ ಇರಲಿ, ಮೆತ್ತಗಿದೆ, ಅದನ್ನು ಮುಟ್ಟುವುದೇ ಬೇಡ. ನಾಲ್ಕು ಇಂಚು ಅಂದರೆ ಹೊಸ ಬಿರುಸು ಸ್ಪ್ರಿಂಗ್, ಹಿಂದೆ ಇನ್ನೊಂದು ಪಟ್ಟಿ. ಆಮೇಲೆ ಪ್ರತಿ ಕಲ್ಲೂ ನೇರ ಬೆನ್ನಿಗೇ. ಇಷ್ಟಕ್ಕೂ ಅಷ್ಟು ಎತ್ತರದ ಗಾಡಿಗೆ ಬೆನ್ನುನೋವಿನ ಹೆಂಗಸು ಹತ್ತುವುದಾದರೂ ಹೇಗೆ?

ಇದನ್ನೆಲ್ಲ ಅವನು ಹೇಳಿದ. ಹೇಳಿದ ಎನ್ನುವುದಕ್ಕಿಂತ ಬೊಗಳಿದ ಎನ್ನಬೇಕು. ಭಾವ ನಕ್ಕ. "ಒಂದೂವರೆ ಇಂಚಂತೆ! ನಿಮ್ಮಪ್ಪನೂ ಹೀಗೇ ಜೀವನವೆಲ್ಲಾ ಅರ್ಧ, ಮುಕ್ಕಾಲು ಅಂತ ಅಳೆದು ಅಳೆದು ಈ ತಗಡಿನ ಕೆಳಗೇ ಸತ್ತ."

ಬೆಂಚಿನ ಮೇಲಿದ್ದ ಅಕ್ಕ, "ಒಂದೂವರೆ ಸಾಕು ಬಿಡ್ರೀ. ಕೂರೋಳು ನಾನು ತಾನೆ?" ಅಂದಳು. ಅಲ್ಲಿಗೆ ಅಳತೆಯ ಜಗಳ ಮುಗಿಯಿತು. ಆದರೆ ಭಾವನ ಬಾಯಿಗೆ ಬೀಗ ಹಾಕುವವರು ಯಾರು? ಜಾಕಿ ಹಾಕಿದ್ದು ಸೊಟ್ಟ, ಸುತ್ತಿಗೆ ಹಿಡಿದದ್ದು ಸೊಟ್ಟ, ಇವನ ಮೂತಿಯೇ ಸೊಟ್ಟ. ಸಾಯಂಕಾಲದವರೆಗೂ ಮೇಸ್ತ್ರಿಯ ತಲೆಯ ಮೇಲೆ ಮೆಣಸು ಅರೆದ. ಕೊನೆಗೆ ಇವನು ಕೆಂಡಾಮಂಡಲವಾಗಿ, ಈ ಪೀಡೆ ಅಂಗಳದಿಂದ ತೊಲಗಿದರೆ ಸಾಕು ಅಂತ ಬೋಲ್ಟುಗಳನ್ನು ಮೈಯ ಬಲವೆಲ್ಲ ಹಾಕಿ ಬಿಗಿದು, ಜಾಕಿ ಇಳಿಸಿ, ಕೀಲಿಕೈಯನ್ನು ಭಾವನತ್ತ ಎಸೆದ. ಅಕ್ಕ ಬೆಂಚಿನಿಂದ ಎದ್ದು ಒಂದು ಗಳಿಗೆ ಹಾಗೇ ನಿಂತಳು. ಏನೋ ಹೇಳಲು ಬಂದವಳು ಹೇಳದೆ ಗಾಡಿ ಹತ್ತಿದಳು.

ಆಮೇಲಿನ ದಿನಗಳಲ್ಲಿ ಭಾವ ಡಂಗುರ ಸಾರಿಕೊಂಡು ತಿರುಗಿದ. ಟೀ ಅಂಗಡಿ, ಟೈರ್ ಅಂಗಡಿ, ಪೆಟ್ರೋಲ್ ಬಂಕು, ಎಲ್ಲೆಡೆ ಒಂದೇ ಮಾತು. "ಗಾಡಿ ಹೋಗಿ ಒರಳುಕಲ್ಲಾಯ್ತು. ನಮ್ಮ ಭಾಮೈದನ ಕೈಗುಣ!" ಮಾತು ಮೇಸ್ತ್ರಿಯ ಕಿವಿಗೆ ಬಿದ್ದಾಗ ಅವನು ಹಲ್ಲು ಕಡಿದ. ಸುಳ್ಳ! ನಾಲ್ಕು ಇಂಚು ಸಿಗಲಿಲ್ಲ ಅಂತ ಹೊಟ್ಟೆಯುರಿಗೆ ಹೆಸರು ಕೆಡಿಸುತ್ತಿದ್ದಾನೆ. ಅದೇ ಸ್ಪ್ರಿಂಗ್, ಅದೇ ಗಾಡಿ, ಒರಟಾಗಲು ಸಾಧ್ಯವೇ ಇಲ್ಲ. ಅಕ್ಕನಿಗೆ ಫೋನ್ ಮಾಡಿ ಕೇಳಿದರೆ, "ಚೆನ್ನಾಗಿದೆ ಕಣೋ, ನೀನು ತಲೆ ಕೆಡಿಸ್ಕೋಬೇಡ" ಅಂದಳು.

ಒಂದು ಬೆಳಿಗ್ಗೆ ಅವನು ಅಂಗಳದಲ್ಲಿ ಪಟ್ಟಿ ಉಜ್ಜುತ್ತಿದ್ದಾಗ ಪಿಕಪ್ಪು ಎದುರಿನ ರಸ್ತೆಯಲ್ಲಿ ಹಾದುಹೋಯಿತು. ಮುಂದೆ ಭಾವ ಒಬ್ಬನೇ. ಪಕ್ಕದ ಸೀಟು ಖಾಲಿ. ಹಿಂದೆ ಸಸಿಗಳ ನಡುವೆ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಮಂಡಿ ಸ್ವಲ್ಪ ಮಡಿಸಿ, ಕುಲುಕಾಟವನ್ನು ಕಾಲಲ್ಲೇ ತಡೆದುಕೊಳ್ಳುತ್ತ ನಿಂತಿದ್ದಳು ಅಕ್ಕ. ತಲೆಗೆ ಸುತ್ತಿದ ಬಟ್ಟೆ ಗಾಳಿಗೆ ಹಾರುತ್ತಿತ್ತು. ಮೇಸ್ತ್ರಿ ಕೈಯಲ್ಲಿದ್ದುದನ್ನು ಬಿಸಾಕಿ ಓಡಿದ, ಬೀದಿಯ ತಿರುವಿನಲ್ಲಿ ನಿಧಾನವಾದ ಗಾಡಿಗೆ ಅಡ್ಡ ನಿಂತ.

"ನಾಚಿಕೆ ಆಗಲ್ವಾ ನಿಮಗೆ? ಅಕ್ಕನ್ನ ಕುರಿ ತುಂಬ್ಕೊಂಡು ಹೋದ ಹಾಗೆ ಹಿಂದೆ ನಿಲ್ಲಿಸ್ಕೊಂಡು ಹೋಗ್ತಿದ್ದೀರಲ್ಲ!"

"ನಾನು ನಿಲ್ಲಿಸಿದ್ನಾ? ಮುಂದೆ ಕೂರೋಕೆ ಆಗ್ತಿಲ್ಲ ಅವಳಿಗೆ! ನಿನ್ನ ಘನಂದಾರಿ ಕೆಲಸ! ಬಾ, ನೀನೇ ಕೂತು ನೋಡು ಬಾ!"

ಅಕ್ಕನನ್ನು ಇಳಿಸಿ ಶೆಡ್ಡಿನ ಬೆಂಚಿನ ಮೇಲೆ ಕೂರಿಸಿ, ಮೇಸ್ತ್ರಿ ಅವಳ ಸೀಟಿನಲ್ಲಿ ಕೂತ. ಭಾವ ಬೇಕೆಂದೇ ಹಿಂದಿನ ಗುಂಡಿಬಿದ್ದ ಓಣಿಗೆ ತಿರುಗಿಸಿದ. ಮೊದಲ ಗುಂಡಿಗೇ ಮೇಸ್ತ್ರಿಯ ಹಲ್ಲು ಕಟಕ್ಕೆಂದಿತು. ಎರಡನೆಯದು ಸೊಂಟದಿಂದ ಕತ್ತಿಗೆ ಏರಿತು. ಸ್ಪ್ರಿಂಗ್ ಆಡಬೇಕೆಂದರೂ ಏನೋ ಅದನ್ನು ಬಿಗಿಹಿಡಿದಿದೆ. ಭಾವ ಓರೆಗಣ್ಣಲ್ಲಿ ನೋಡುತ್ತಿದ್ದ.

ವಾಪಸ್ ಬಂದು ಭಾವ ಎದುರಿನ ಟೀ ಅಂಗಡಿಗೆ ಹೋದ, ಕತೆ ಹೇಳಲು. ಗಾಡಿ ನೆಲದ ಮೇಲೇ ಇತ್ತು. ಮೇಸ್ತ್ರಿ ಕೆಳಗೆ ಜಾರಿ, ಮುಂದಿನ ಚಕ್ರವನ್ನು ಹಿಡಿದಿರುವ ತೋಳಿನ ಬೋಲ್ಟಿಗೆ ಪಾನಾ ಹಾಕಿ ಸಡಿಲಿಸಿದ. ಟಣ್ ಎಂದು ಸದ್ದು ಮಾಡಿ ಒಳಗಿನ ರಬ್ಬರು ಬುಷ್ಷು ತಿರುಗಿತು. ಗಾಡಿ ನಿಟ್ಟುಸಿರು ಬಿಟ್ಟ ಹಾಗೆ ಒಂದಿಷ್ಟು ಕೆಳಗೆ ಕೂತಿತು.

ಅವನ ಕೈ ಅಲ್ಲೇ ನಿಂತಿತು. ರಬ್ಬರನ್ನು ಯಾವ ಭಂಗಿಯಲ್ಲಿ ಬಿಗಿದರೆ ಅದೇ ಭಂಗಿಯನ್ನು ಅದು ಹಿಡಿದುಕೊಳ್ಳುತ್ತದೆ. ಚಕ್ರ ಜಾಕಿಯ ಮೇಲೆ ನೇತಾಡುವಾಗ ಬಿಗಿದರೆ, ನೆಲಕ್ಕಿಳಿದ ಮೇಲೆ ಕತ್ತು ತಿರುಚಿಕೊಂಡು ಮಲಗಿದವನ ಹಾಗೆ ಅದು ಸದಾ ಸೆಟೆದೇ ಇರುತ್ತದೆ. ಅದಕ್ಕೇ ಅಪ್ಪ ಯಾವ ಗಾಡಿಗೂ ಕೊನೆಯ ಬಿಗಿತ ಗಾಳಿಯಲ್ಲಿ ಕೊಟ್ಟವನಲ್ಲ. ಚಕ್ರ ನೆಲಕ್ಕಿಳಿಸಿ, ಸೀಟಿನ ಮೇಲೆ ಭಾರ ಕೂರಿಸಿ, ಆಮೇಲೆ ಬಿಗಿಯುತ್ತಿದ್ದ. ಆ ಭಾರ ಯಾವಾಗಲೂ ಅಕ್ಕನೇ. ಲಂಗ ಎತ್ತಿಕಟ್ಟಿಕೊಂಡು ಲಾರಿ ಹತ್ತಿ ರಾಣಿಯ ಹಾಗೆ ಕೂರುತ್ತಿದ್ದಳು. ಅಪ್ಪ ಕೆಳಗಿನಿಂದ "ಅಲುಗಾಡ್ಬೇಡ ಮಗಳೇ" ಎನ್ನುತ್ತಿದ್ದ.

ಅಕ್ಕನ ಚಪ್ಪಲಿ ಚಕ್ರದ ಪಕ್ಕ ಬಂದು ನಿಂತಿತು. "ಅವತ್ತು ನೀನು ನನ್ನ ಕರೀಲೇ ಇಲ್ಲ," ಅಂದಳು ಮೆಲ್ಲಗೆ.

"ನಿನಗೆ ಅವತ್ತೇ ಗೊತ್ತಾಯ್ತಾ?"

"ಬೆಂಚಿನ ಮೇಲೇ ಇದ್ನಲ್ಲೋ. ಈಗ ಕರೀತಾನೆ, ಈಗ ಕರೀತಾನೆ ಅಂತ ಕಾದೆ. ನಿನ್ನ ಭಾವನ ಮುಂದೆ ಬಾಯಿ ಬಿಟ್ಟಿದ್ರೆ ಸಾಯೋ ತನಕ ಆಡ್ಕೊಳ್ತಿದ್ರು. ನಿನಗೇ ಹೊಳೆಯುತ್ತೆ ಅಂತ ಸುಮ್ಮನಿದ್ದೆ."

"ಅದಕ್ಕೆ ಹಿಂದೆ ನಿಂತ್ಕೊಂಡು ಹೋಗೋದಾ? ಬುದ್ಧಿ ಇದೆಯಾ ನಿನಗೆ?"

"ಬೈಯಬೇಡ. ಬುಷ್ಷು ಸವೆದಿತ್ತು, ಬದಲಾಯಿಸಿದೆ ಅಂದ್ಬಿಡು. ಮುಗೀತು."

ಮೇಸ್ತ್ರಿ ಎಲ್ಲ ಬೋಲ್ಟುಗಳನ್ನೂ ಸಡಿಲಿಸಿ, ರಬ್ಬರು ಹರಿದಿಲ್ಲ ಎಂದು ಬೆರಳಾಡಿಸಿ ನೋಡಿ ಹೊರಗೆ ಬಂದ. ಅಷ್ಟರಲ್ಲಿ ಭಾವ ಟೀ ಲೋಟದ ಸಮೇತ ಹಾಜರಾಗಿದ್ದ. ಹಿಂದೆ ಅಂಗಡಿಯ ಇಬ್ಬರು ತಮಾಷೆ ನೋಡುವವರು.

"ಏನಯ್ಯಾ, ಸಿಕ್ತಾ ರೋಗ?"

"ಬುಷ್ಷು ಸವೆದಿತ್ತಂತೆ," ಅಂದಳು ಅಕ್ಕ ಅವಸರದಲ್ಲಿ.

ಮೇಸ್ತ್ರಿ ಅವಳ ಮುಖ ನೋಡಿದ. ಇವನ ಸಿಟ್ಟನ್ನು ಇಷ್ಟು ದಿನ ಅವಳ ಬೆನ್ನು ಹೊತ್ತಿತ್ತು. ಈಗ ಇವನ ಸುಳ್ಳನ್ನೂ ಅವಳೇ ಹೊರಲು ಹೊರಟಿದ್ದಳು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇಲ್ಲ ಭಾವ. ಏನೂ ಸವೆದಿರಲಿಲ್ಲ. ಚಕ್ರ ನೇತಾಡ್ತಿರುವಾಗಲೇ ಬಿಗಿದುಬಿಟ್ಟೆ. ನಿಮ್ಮನ್ನ ಬೇಗ ಸಾಗಹಾಕೋ ಆತುರ. ತಪ್ಪು ನಂದು."

ಆಗ ಭಾವ ನಕ್ಕ ನಗು! ಟೀ ಲೋಟದಿಂದ ತುಳುಕಿತು. "ಕೇಳಿಸ್ಕೊಂಡ್ರೇನ್ರೋ? ಮೇಸ್ತ್ರಿ ಬಾಯಲ್ಲಿ ತಪ್ಪು ನಂದು ಅಂತ ಬಂತು! ಒಂದೂವರೆ ಇಂಚಿನ ಪಂಡಿತ!" ಮೇಸ್ತ್ರಿಯ ಮುಷ್ಟಿ ಬಿಗಿಯಿತು, ಪಾನಾ ಹಿಡಿದ ಬೆರಳು ಬಿಳಿಚಿತು. ಅವನು ಭಾವನತ್ತ ತಿರುಗಲಿಲ್ಲ.

"ಅಕ್ಕಾ, ಹತ್ತಿ ಕೂತ್ಕೋ," ಅಂದ.

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಿಧಾನವಾಗಿ ಹತ್ತಿ ತನ್ನ ಸೀಟಿನಲ್ಲಿ ಕೂತಳು. ಅವನು ಕೆಳಗೆ ಮಲಗಿ ಕೊನೆಯ ಬಿಗಿತ ಕೊಟ್ಟ. "ಅಲುಗಾಡ್ಬೇಡ," ಎಂದು ಕೆಳಗಿನಿಂದ ಗದರಿದ. ಮೇಲೆ ಅವಳು ಅಳುತ್ತಿದ್ದುದರಿಂದ ಗಾಡಿ ಒಂಚೂರು ಅಲುಗಾಡುತ್ತಲೇ ಇತ್ತು.

ಭಾವ ಬದಲಾದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಉಪ್ಪು ಖಾರ ಹಚ್ಚಿ ಈ ಕತೆಯನ್ನು ಊರೆಲ್ಲ ಹಂಚಿದ, ಇವತ್ತಿಗೂ ಹಂಚುತ್ತಿದ್ದಾನೆ. ಶೆಡ್ಡಿನ ಮುಂದೆ ಹಾದುಹೋಗುವಾಗಲೆಲ್ಲ ಅಣಕಿಸಲಿಕ್ಕೆಂದೇ ಹಾರ್ನ್ ಒತ್ತುತ್ತಾನೆ, ಟೀ ಅಂಗಡಿಯವರು ಕಿಸಕ್ಕನೆ ನಗುತ್ತಾರೆ. ಮೇಸ್ತ್ರಿ ಬಾಯಿಗೆ ಬಂದ ಹಾಗೆ ಬೈಯುತ್ತಾನೆ, ಆದರೆ ಗಾಡಿ ಕೆಳಗಿದ್ದರೂ ತಲೆ ಹೊರಗೆ ಹಾಕಿ ನೋಡದೆ ಬಿಡುವುದಿಲ್ಲ. ಅಕ್ಕ ಮುಂದಿನ ಸೀಟಿನಲ್ಲೇ ಕೂತಿರುತ್ತಾಳೆ.