ಸಿನಿಮಾಕ್ಕೆ ಲುಂಗಿ ಉಡಿಸುವ ಸಾಬರು
ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನ ಎದುರಿನ ಟೀ ಅಂಗಡಿಯಲ್ಲಿ, ರೇಷ್ಮೆ ನೂಲು ತೆಗೆಯುವ ಮಕ್ಬೂಲ್ ಸಾಬರು ದಿನವೂ ಒಂದೇ ಸಿನಿಮಾದ ಕಥೆ ಹೇಳುತ್ತಾರೆ. ಐವತ್ತು ದಾಟಿದ ನಾಲ್ವರು ಗೆಳೆಯರು ಹಳೇ ಜೀಪು ಹತ್ತಿ ತಮ್ಮ ಇಪ್ಪತ್ತನೇ ವಯಸ್ಸಿಗೆ ಹೋಗಿ ಇಳಿಯುತ್ತಾರೆ. ಬಟ್ಟೆ ಮಾತ್ರ ಈ ಕಾಲದಲ್ಲೇ ಉಳಿದುಬಿಟ್ಟಿರುತ್ತದೆ. ಮುಂದಿನದನ್ನು ಸಾಬರು ಸೊಂಟ, ಹುಬ್ಬು ಕುಣಿಸಿಯೇ ಹೇಳಬೇಕು. ದಿನಕ್ಕೊಂದು ಪೋಲಿ ಸೀನು ಹೊಸದಾಗಿ ಸೇರುತ್ತದೆ. ಯಾರಾದರೂ ಅನುಮಾನಪಟ್ಟರೆ, "ನೋಡಿರೋನು ನಾನೋ ನೀನೋ?" ಎಂದು ಗದರುತ್ತಾರೆ. ಹೆಂಡತಿ ಅಕ್ಬರಿ ಬೇಗಂ ಅತ್ತ ಬಂದರೆ ಮಾತ್ರ ನಾಲ್ವರಿಗೂ ತಕ್ಷಣ ಲುಂಗಿ ಉಡಿಸಿಬಿಡುತ್ತಾರೆ. ಗೂಡು ಬೇಯಿಸಿ ನೂಲು ತೆಗೆಯುವ ಒಲೆ ಆರಿಸಿ ಬಿಡದಿಯ ಫ್ಯಾಕ್ಟರಿ ಸೇರಿದ ಗೆಳೆಯ ದೇವರಾಜು ಮೊನ್ನೆ ಕೇಳಿದ: "ನೀನೂ ಇಪ್ಪತ್ತಕ್ಕೆ ಹೋದ್ರೆ ಒಲೆ ಬುಟ್ಟು ಫ್ಯಾಕ್ಟರಿಗೆ ಬತ್ತೀಯೇನ್ಲಾ?" "ಹೋದ ವರ್ಸಾನೇ ಕೆಲ್ಸಕ್ಕೆ ಬಂದಿದ್ನಲ್ಲ! ಗೇಟಲ್ಲಿ ಹೆಬ್ಬೆಟ್ಟು ಒತ್ತಿದ್ರೆ ನಿಮ್ ಹಾಜರಿ ಮಿಷಿನ್ನು ನೀನ್ಯಾರು ಅಂತು" ಎಂದು ಸಾಬರು ಬೆರಳು ಚಾಚಿದರು. ಮೂವತ್ತು ವರ್ಷ ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಆ ಬೆರಳುಗಳಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. "ಇಪ್ಪತ್ತಕ್ಕೆ ಹೋದ್ರೂ ಇದೇ ಒಲೆ ಮುಂದೆ ಕೂರ್ತೀನಿ ಕಣ್ಲಾ. ಬರೀ ಮೈಯಲ್ಲಿ ಹೋದ್ರೂ ಸೈ, ನಾನ್ಯಾರು ಅಂತ ಎಳೆಗೆ ಗೊತ್ತಾಯ್ತದೆ."